ಮಾವನವರಿಗೆ ನಾನು ಹೇಳಿದ ಚಂದ್ರಯಾನ

೨೩ ಆಗಸ್ಟ್ ೨೦೨೩, ಬುಧವಾರ. ಚಿಕ್ಕಲಸಂದ್ರ.

ಮಾವನವರು ಊಟ ಮಾಡದೆ ಮಲಗಿದ್ದಾರೆ. ಚಂದ್ರಯಾನ ಕ್ಷೇಮವಾಗಿ ಇಳಿಯುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲವೆಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೇಳಿದ್ದರು. ಕಣ್ಣು ಹೋಗಿ ಎರಡು ವರ್ಷವಾಯಿತು. ಟಿವಿಯಲ್ಲಿ ಕಾಣುವುದನ್ನೆಲ್ಲ ನಾನೇ ಹೇಳಬೇಕು.

ಕೊನೆಯ ನಿಮಿಷದಲ್ಲಿ ಸದ್ದು ನಿಲ್ಲಿಸಿದೆ. ಪರದೆಯಲ್ಲಿ ಇಸ್ರೋದ ಸೀರೆಯುಟ್ಟ ಹೆಂಗಸರು ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ವಯಸ್ಸಿನವರೇ.

"ಈ ಸಲಾನೂ ಸಿಗ್ನಲ್ ಹೋಯ್ತು ಮಾವ," ಅಂದೆ.

ಬೀದಿಯಲ್ಲಿ ಪಟಾಕಿ ಹೊಡೆದರು.

"ಅದೇನಮ್ಮ ಸದ್ದು?"

"ಯಾರದೋ ಮದುವೆ."

ನನ್ನ ಎಂಎಸ್ಸಿ ಫಿಸಿಕ್ಸ್ ಸೀಟು ಬಿಡಿಸಿದವರು ಇವರೇ. "ನಕ್ಷತ್ರ ಎಣಿಸೋಕೆ ಸೊಸೇನ ತಂದಿಲ್ಲ" ಎಂದು ನೆಂಟರ ಮುಂದೆ ನಕ್ಕಿದ್ದರು. ಹದಿನೇಳು ವರ್ಷವಾದರೂ ಆ ನಗು ನನ್ನ ಕಿವಿಯಲ್ಲಿದೆ.

ಅವರೆದುರೇ ಕೂತು ಮೂರು ಚಪಾತಿ ತಿಂದೆ. ಇನ್ನೊಂದು ಬೇಕೆನಿಸದಿದ್ದರೂ ಹಾಕಿಕೊಂಡೆ.

ಮಲಗುವ ಮುಂಚೆ ಕರೆದರು. "ನಿನ್ನ ಓದೋಕೆ ಬಿಟ್ಟಿದ್ರೆ ನೀನೂ ಅಲ್ಲಿರ್ತಿದ್ದೆ ಅಂಜನಾ. ತಪ್ಪು ಮಾಡ್ಬಿಟ್ಟೆ."

ಇಷ್ಟು ವರ್ಷ ಕಾದಿದ್ದ ಮಾತು ಇದೇ. ಈಗಲೂ ಎಚ್ಚರವಾಗಿದ್ದಾರೆ, ಮಂಚ ಕಿರುಗುಟ್ಟುತ್ತಿದೆ. ಹೋಗಿ ನಿಜ ಹೇಳಿ ಒಂದು ತಟ್ಟೆ ಹಾಕಬಹುದು.

ಆದರೆ ಪಾತ್ರೆ ತೊಳೆದಾಗಿದೆ.