ಗಿರಣಿಯಲ್ಲಿ ಕೇಳಿರಿ

ಹಾಸ್ಟೆಲ್, ಬೈಲಹೊಂಗಲ

ಅಪ್ಪನವರಿಗೆ ರೇಣುವಿನ ಶರಣು.

ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ.

ಚಚಡಿಯ ವರನ ಬಗ್ಗೆ ಹತ್ತು ಮಂದಿಯನ್ನು ವಿಚಾರಿಸಿದಿರಿ. ಹತ್ತೂ ಮಂದಿ "ಬಂಗಾರದಂಥಾ ಹುಡುಗ ಅದಾನ್ರಿ" ಅಂದರೆಂದು ಖುಷಿಪಟ್ಟಿರಿ. ಆದರೆ ಅವರೆಲ್ಲ ಕುಳಿತಿದ್ದದ್ದು ಅವನ ಸೋದರಮಾವನ ಚಹಾದಂಗಡಿಯಲ್ಲಿ. ನಾನು ಓದುವ ಸಂಖ್ಯಾಶಾಸ್ತ್ರದ ಪ್ರಕಾರ ಅದು ಹತ್ತು ಮಂದಿಯ ಮಾತಲ್ಲ, ಮಾವನೊಬ್ಬನ ಮಾತು.

ಸಂತೆಯಲ್ಲಿ ಜೋಳ ಕೊಳ್ಳುವಾಗ ಚೀಲದ ತಳದವರೆಗೂ ಕೈ ಹಾಕಿ ನೋಡುತ್ತೀರಲ್ಲ, ಇಲ್ಲಿಯೂ ಹಾಗೇ ಮಾಡಿರಿ. ಅವ್ವನನ್ನು ಕರೆದುಕೊಂಡು ಚಚಡಿಯ ಹಿಟ್ಟಿನ ಗಿರಣಿಗೆ ಹೋಗಿರಿ. ಎಲ್ಲ ಓಣಿಯ ಹೆಂಗಸರೂ ಅಲ್ಲಿಗೆ ಬರುತ್ತಾರೆ. ಅವರಾರೂ ಮಾವನ ಚಹಾ ಕುಡಿದವರಲ್ಲ. ಅವರೂ ಒಳ್ಳೆಯವನೆಂದರೆ ಶುಕ್ರವಾರ ಅವರು ಹೆಣ್ಣು ನೋಡಲು ಬರುವಾಗ ಊರಿಗೆ ಬಂದು ಸೀರೆ ಉಡುತ್ತೇನೆ.

ಗಂಡಿನವರು ನನ್ನ ಬಗ್ಗೆ ವಿಚಾರಿಸಲು ನೇಸರಗಿಗೆ ಬಂದರೆ ನಮ್ಮ ಬಸವಣ್ಣೆಪ್ಪ ಕಾಕಾನ ಅಂಗಡಿಗೆ ಕಳಿಸಬೇಡಿರಿ. ನಮ್ಮೂರ ಗಿರಣಿಯನ್ನೇ ತೋರಿಸಿರಿ. "ರೇಣು ಭಾಳ ಜಗಳಗಂಟಿ ಅದಾಳ" ಅನ್ನುತ್ತಾರೆ ಅಲ್ಲಿ. ಅನ್ನಲಿ. ಅದನ್ನು ಕೇಳಿಯೂ ಬರುವವನಿಗೇ ನಾನು ಚಹಾ ಕೊಡುವವಳು.

ನಿಮ್ಮ ಮಗಳು
ರೇಣು