ಅವ್ವನ ಕೆನ್ನೆಯ ಕಪ್ಪು

ಹೊಳಲು

ಮದ್ದೂರಿನ ಸ್ಟುಡಿಯೊ ಮಾಲೀಕರಾದ ಶಿವರಾಮು ಅವರಿಗೆ,

ನೀವು ಪ್ರಿಂಟ್ ಮಾಡಿಕೊಟ್ಟ ನಮ್ಮ ಅವ್ವನ ಕಪ್ಪು-ಬಿಳುಪು ಫೋಟೊವನ್ನು ವಾಪಸ್ ಕಳಿಸುತ್ತಿದ್ದೇನೆ. ಅವಳ ತಿಥಿಯ ದಿನ ಗೋಡೆ ಖಾಲಿಯೇ ಇತ್ತು.

ನಾನು ಕೊಟ್ಟಿದ್ದು ಹದಿನಾರು ಬಿಟ್‌ನ ಫೈಲು. ಅದರಲ್ಲಿ ಕಪ್ಪಿಗೇ ಸಾವಿರಾರು ಛಾಯೆಗಳಿದ್ದವು, ಅವ್ವನ ಕೆನ್ನೆಯ ಮೇಲೆ ನೆರಳು ನುಣ್ಣಗೆ ಇಳಿದಿತ್ತು. ನೀವು ಅದನ್ನು ಎಂಟು ಬಿಟ್‌ಗೆ ಇಳಿಸಿ, ಆ ಛಾಯೆಗಳಲ್ಲಿ ಬಹುಪಾಲನ್ನು ಕಳೆದು, ಆಮೇಲೆ ಮುಖವನ್ನು ಬೆಳ್ಳಗೆ ಮಾಡಿದ್ದೀರಿ. ಈಗ ಕೆನ್ನೆಯ ತುಂಬ ಮೆಟ್ಟಿಲಿನಂಥ ಪಟ್ಟೆಗಳು.

ಯಾಕೆ ಹೀಗಾಯಿತೆಂದು ಫೋನಿನಲ್ಲಿ ಕೇಳಿದೆ. "ನಿಮ್ಮವ್ವ ಬಲೇ ಕಪ್ಪಗವ್ರೆ ಕಣಮ್ಮ. ನೋಡೋರ್ಗೆ ಚೆಂದಾಗಿರ್ಲಿ ಅಂತ ಬೆಳ್ಳಗ್ ಮಾಡ್ದೆ, ಬುಡಿ" ಎಂದು ನಕ್ಕಿರಿ. ಆ ನಗು ಕೇಳಿ ಹೇಸಿಗೆಯಾಯಿತು.

ಅಪ್ಪ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿ, "ಇದ್ಯಾರ್ ಮಗ? ನಮ್ ಮಾಯಿ ಎಲ್ಲವ್ಳೆ?" ಎಂದರು. ಅವ್ವನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಮಂಡ್ಯದಲ್ಲಿ ಬೇರೆಯವರಿಂದ ಮೂಲ ಫೈಲನ್ನೇ ಪ್ರಿಂಟ್ ಮಾಡಿಸಿದೆ. ಅದನ್ನು ಕಂಡೊಡನೆ ಅಪ್ಪ, "ಬಂದ್ಲು ಬುಡು" ಎಂದು ತಾವೇ ಮೊಳೆ ಹೊಡೆದರು. ಆದ್ದರಿಂದ ನೀವು ಮತ್ತೆ ಪ್ರಿಂಟ್ ಮಾಡುವುದು ಬೇಡ.

ಆದರೆ ಆ ಬೆಳ್ಳಗಿನ ಮುಖದ ಇನ್ನೊಂದು ಪ್ರತಿಯನ್ನು ಅಂಗಡಿಯ ಗಾಜಿನೊಳಗೆ ಮಾದರಿಯೆಂದು ತೂಗುಹಾಕಿದ್ದೀರಂತೆ. ಇವತ್ತೇ ತೆಗೆದುಬಿಡಿ. ಅವಳು ನನ್ನ ಅವ್ವನಲ್ಲ, ಆದರೆ ಉಟ್ಟಿರುವುದು ನನ್ನ ಅವ್ವನ ಸೀರೆ.

ಇಂತಿ,
ಮಾಯಮ್ಮನ ಮಗಳು
ಶಶಿರೇಖಾ