ಒಂದೇ ಡಬ್ಬಿಯ ನಶ್ಯ

ಬನಹಟ್ಟಿ

ಅನಸವ್ವಕ್ಕನಿಗೆ ಸಾವಿತ್ರೆವ್ವನ ನಮಸ್ಕಾರ.

ನಿಮ್ಮ ಸೊಂಟದ ಚಂಚಿಯಲ್ಲಿ ನಶ್ಯದ ಡಬ್ಬಿ ಇದೆ ಎಂದು ಜಮಖಂಡಿಯ ಹಲ್ಲಿನ ಡಾಕ್ಟರಮ್ಮನಿಗೆ ಮೊದಲು ಹೇಳಿದವಳು ನಾನೇ, ಯುಗಾದಿ ಆದಮೇಲಿನ ಸೋಮವಾರ. ತಂಬಾಕಿನ ವಾಸನೆ ಯಾರದೆಂದು ಕೇಳಿದಾಗ ಹೆದರಿ ನಿಮ್ಮ ಹೆಸರು ಹೇಳಿದೆ. "ಒಸಡಿಗೆ ನಶ್ಯಾ ತಿಕ್ಕೋದಿದ್ರ ನನ್ನ ಕಡೆ ಯಾಕ ಬರ್ತೀರಿ ಅಮ್ಮಾ?" ಎಂದು ಅವರು ಎಲ್ಲರೆದುರು ನಿಮ್ಮನ್ನು ಬೈದರು. ಆಮೇಲೆ ಅವರು ಕೊಟ್ಟ ಎರಡು ತಾರೀಖಿಗೂ ನೀವು ಬರಲಿಲ್ಲ, ಫೋನೂ ಎತ್ತಲಿಲ್ಲ.

ಮೂರು ತಿಂಗಳಿಗೊಮ್ಮೆ ಒಸಡು ಸ್ವಚ್ಛ ಮಾಡಿಸಲು ಬಂದು ಮೂರು ವರ್ಷ ದವಾಖಾನೆಯ ಒಂದೇ ಬಾಕಿನ ಮೇಲೆ ಕೂತೆವು. ನಮ್ಮ ಮನೆಯಲ್ಲಿ ಮಗ್ಗದ ಸಪ್ಪಳಕ್ಕೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. "ಏನವಾ ಸಾವಿತ್ರಿ, ರಕ್ತ ನಿಂತೈತೇನ?" ಎಂದು ಕೇಳುತ್ತಿದ್ದವರು ನೀವೊಬ್ಬರೇ.

ಚಿಕಿತ್ಸೆ ನಡುವೆ ಬಿಟ್ಟರೆ ನಿಮ್ಮ ಅಲುಗಾಡುವ ಹಲ್ಲುಗಳು ಉಳಿಯುವುದಿಲ್ಲವಂತೆ. ಅದಕ್ಕೇ ಹೋದ ಸೋಮವಾರ ಬಾಕಿನ ಮಂದಿಯ ಎದುರೇ ಡಾಕ್ಟರಮ್ಮನಿಗೆ, "ಅದ ಡಬ್ಬಿಯೊಳಗ ನಾನೂ ಚಿಟಿಕಿ ತಗೋತಿದ್ದೆರಿ" ಎಂದು ಹೇಳಿಬಿಟ್ಟೆ.

"ಕೂಡೇ ತಿಕ್ಕೀರಿ, ಕೂಡೇ ಬೈಸ್ಕೊಳ್ಳಾಕ ಬರ್ರಿ" ಅಂದರು. ಮಂದಿ ನಕ್ಕರು. ಪಕ್ಕಕ್ಕೆ ತಿರುಗಿದೆ, ನೀವು ಕೂರುತ್ತಿದ್ದ ಜಾಗದಲ್ಲಿ ಯಾರದೋ ಚೀಲ ಇತ್ತು.

ಮರುದಿನ ಮುಂಜಾನೆ ದವಾಖಾನೆಯ ನರ್ಸ್ ಫೋನ್ ಮಾಡಿ, ಬರುವ ಸೋಮವಾರ ಹನ್ನೊಂದಕ್ಕೆ ಇಬ್ಬರ ಹೆಸರನ್ನೂ ಬರೆದುಕೊಂಡಿದ್ದೇವೆ ಎಂದರು. ನಿಮ್ಮ ಚಿಕ್ಕಪಡಸಲಗಿಯಿಂದ ಹತ್ತು ಗಂಟೆಗೆ ಬರುವ ಬಸ್ಸಿಗೆ ನಾನು ಜಮಖಂಡಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಸಿಟ್ಟಿದ್ದರೆ ಮಾತಾಡಬೇಡಿ, ಪಕ್ಕದಲ್ಲಿ ಕೂತರೆ ಸಾಕು.

ನಿಮ್ಮ ತಂಗಿಯಂಥವಳು,
ಸಾವಿತ್ರೆವ್ವ